ಪುಟ್ಟ ರೈಲಿಗೆ ಹೊಸ ಗುಂಡಿಗೆ

ದೇಹ ಬದಲಾಗುತ್ತದೆ, ಜೀವ ಬದಲಾಗುವುದಿಲ್ಲ ಎಂಬುದು ಈ ದೇಶದಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಕಥೆಯ ನೆಪದಲ್ಲಿ ಹೇಳಿಕೊಡುವ ಮಾತು. ಇದಕ್ಕೆ ಪೂರ್ತಿ ತಿರುಗುಮುರುಗಾದ ವ್ಯಾಪಾರವೊಂದು ಇಂಗ್ಲೆಂಡಿನ ಮನೆಗಳ ಅಟ್ಟಗಳಲ್ಲಿ, ಚಳಿಗಾಲದ ದೀರ್ಘವಾದ ಸಂಜೆಗಳಲ್ಲಿ ನಡೆಯುತ್ತಿರುತ್ತದೆ. ಅಲ್ಲಿ ದೇಹವನ್ನು ಉಳಿಸಿಕೊಂಡು ಜೀವವನ್ನು ಬದಲಾಯಿಸುತ್ತಾರೆ. ಒಂದು ಗೇಣಿಗಿಂತಲೂ ಚಿಕ್ಕದಾದ ಆಟದ ರೈಲಿನ ಎಂಜಿನ್ನು. ಅದರ ಕಪ್ಪು ಬಣ್ಣ ಮಾಸಿರುತ್ತದೆ, ಅಂಚುಗಳು ಸವೆದಿರುತ್ತವೆ. ಆ ಕವಚಕ್ಕೆ ಕೈ ಹಚ್ಚದೆ, ಅದರ ಹೊಟ್ಟೆಯೊಳಗಿನ ಮೋಟಾರನ್ನು ತೆಗೆದು ಬೇರೊಂದನ್ನು ಕೂರಿಸುತ್ತಾರೆ. ಕೆಲಸ ಮುಗಿದಾಗ ನೋಡುವವರಿಗೆ ಹಳೆಯ ಎಂಜಿನ್ನೇ. ಓಡುವಾಗ ಮಾತ್ರ ಹೊಸದು. ಇದು ಆಟವೆ, ಯಂತ್ರವಿದ್ಯೆಯೆ, ಪಿತೃಭಕ್ತಿಯೆ ಎಂದು ಕೇಳಿದರೆ ಉತ್ತರ ಸುಲಭವಲ್ಲ. ಮೂರೂ ಅಲ್ಪಸ್ವಲ್ಪ ಉಂಟು.

ಡರ್ಬಿಯಂಥ ರೈಲ್ವೆಯ ಊರಿನಲ್ಲಿ ಒಂದು ಸಂಸಾರವನ್ನು ಓದುಗರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬಹುದು. ಮನೆಯ ಯಜಮಾನರಿಗೆ ಎಂಬತ್ತರ ಹತ್ತಿರದ ವಯಸ್ಸು. ಎಂಟು ವರ್ಷದ ಬಾಲಕನಾಗಿದ್ದಾಗ, ೧೯೫೫ರ ಕ್ರಿಸ್‌ಮಸ್ ಹಬ್ಬದ ಬೆಳಗ್ಗೆ, ಅವರ ತಂದೆ ಒಂದು ರಟ್ಟಿನ ಪೆಟ್ಟಿಗೆಯನ್ನು ಅವರ ಕೈಯಲ್ಲಿಟ್ಟಿದ್ದರು. ತಂದೆ ಕಾರ್ಖಾನೆಯಲ್ಲಿ ಫಿಟ್ಟರು. ಹೆಚ್ಚು ಹೊತ್ತು ದುಡಿದು ಕೂಡಿಸಿದ ಹಣದಲ್ಲಿ ಕೊಂಡ ಕಾಣಿಕೆ ಅದು. ಪೆಟ್ಟಿಗೆಯೊಳಗೆ ಆರು ಗಾಲಿಗಳ ಪುಟ್ಟ ಎಂಜಿನ್ನು. ಮುಚ್ಚಳದ ಒಳಮೈಯಲ್ಲಿ ತಂದೆ ಪೆನ್ಸಿಲಿನಿಂದ ಬರೆದ ಒಂದು ಸಾಲು: ‘ಎಣ್ಣೆ ಒಂದೇ ತೊಟ್ಟು.’ ತಂದೆ ಹೋಗಿ ಎಷ್ಟೋ ವರ್ಷಗಳಾದವು. ಪೆನ್ಸಿಲಿನ ಬರಹ ಮಾತ್ರ ಉಳಿಯಿತು. ಹತ್ತು ವರ್ಷದ ಮೊಮ್ಮಗಳು ಅಟ್ಟದಲ್ಲಿ ಆ ಪೆಟ್ಟಿಗೆಯನ್ನು ಕಂಡು, ಎಂಜಿನ್ನನ್ನು ಹಳಿಯ ಮೇಲಿಟ್ಟು, ಗುಂಡಿ ತಿರುಗಿಸಿದಳು. ಅದು ಒಮ್ಮೆ ನಡುಗಿತು, ಸುಟ್ಟ ವಾಸನೆ ಬಂತು, ನಿಂತಿತು.

“ತಾತ, ಇದು ಸತ್ತುಹೋಯಿತೆ?”

“ಸತ್ತಿದೆಯೋ ಮಲಗಿದೆಯೋ, ಬಿಚ್ಚಿ ನೋಡೋಣ ಮಗು.”

ಈ ಎರಡು ಮಾತುಗಳ ನಡುವೆ ಇರುವುದೇ ಮೋಟಾರು ಬದಲಾಯಿಸುವ ಕಲೆಯ ಮೊದಲ ಪಾಠ.

ಆ ಎಂಜಿನ್ನಿನ ಕುಲಗೋತ್ರವನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತ ೧೯೦೧ರಲ್ಲಿ ‘ಮೆಕಾನೊ’ ಎಂದು ಮುಂದೆ ಹೆಸರಾದ ಜೋಡಣೆಯ ಆಟಿಕೆಗೆ ಪೇಟೆಂಟು ಪಡೆದ. ೧೯೨೦ರಲ್ಲಿ ಕೀಲಿ ಕೊಟ್ಟು ಓಡಿಸುವ ಆಟದ ರೈಲುಗಳನ್ನು ಮಾರುಕಟ್ಟೆಗೆ ತಂದ. ಆತ ೧೯೩೬ರಲ್ಲಿ ತೀರಿಕೊಂಡ ಮೇಲೆ, ೧೯೩೮ರಲ್ಲಿ, ಅವನ ಸಂಸ್ಥೆ ಅಳತೆಯನ್ನು ಅರ್ಧಕ್ಕೆ ಇಳಿಸಿ ‘ಹಾರ್ನ್‌ಬಿ ಡಬ್ಲೊ’ ಎಂಬ ಮಾಲೆಯನ್ನು ಹೊರಡಿಸಿತು. ನಿಜವಾದ ರೈಲಿನ ಒಂದು ಅಡಿಗೆ ಇಲ್ಲಿ ೪ ಮಿಲಿಮೀಟರು. ಹಳಿಗಳ ನಡುವಣ ಅಂತರ ೧೬.೫ ಮಿಲಿಮೀಟರು. ಊಟದ ಮೇಜಿನ ಮೇಲೆ ಒಂದು ಇಡೀ ರೈಲ್ವೆ ನಿಲ್ದಾಣವನ್ನು ಹರಡಲು ಈ ಅಳತೆ ಅನುಕೂಲವಾಯಿತು. ಮಹಾಯುದ್ಧ ಮುಗಿದ ಮೇಲೆ ಇನ್ನೊಂದು ಮನೆತನ ಕಣಕ್ಕಿಳಿಯಿತು. ರೋವೆಕ್ಸ್ ಎಂಬ ಸಣ್ಣ ಸಂಸ್ಥೆ ೧೯೫೦ರಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಅಂಗಡಿಗಳಿಗಾಗಿ ಪ್ಲಾಸ್ಟಿಕ್ ಮೈಯ ರೈಲೊಂದನ್ನು ತಯಾರಿಸಿತು. ಮರುವರ್ಷವೇ ಲೈನ್ಸ್ ಸಹೋದರರ ದೊಡ್ಡ ಸಂಸ್ಥೆ ರೋವೆಕ್ಸನ್ನು ಕೊಂಡುಕೊಂಡು, ‘ಟ್ರೈಯಾಂಗ್’ ಎಂಬ ಹೆಸರಿನಲ್ಲಿ ರೈಲುಗಳನ್ನು ಮಾರಿತು. ೧೯೫೪ರಲ್ಲಿ ಕೆಂಟ್ ಪ್ರಾಂತದ ಕಡಲತಡಿಯ ಮಾರ್ಗೇಟಿಗೆ ಕಾರ್ಖಾನೆಯನ್ನು ಸಾಗಿಸಿತು. ಹಾರ್ನ್‌ಬಿಯ ರೈಲು ಸ್ಥಿತಿವಂತರ ಮಕ್ಕಳಿಗೆ ಎಂಬಂತಿದ್ದರೆ, ಟ್ರೈಯಾಂಗ್ ರೈಲು ಕೂಲಿಯಿಂದ ಬಾಳುವವರ ಕೈಗೂ ಎಟುಕಿತು. ವಿಧಿಯ ಆಟವೇನೆಂದರೆ, ೧೯೬೪ರಲ್ಲಿ ಹಾರ್ನ್‌ಬಿಯ ಸಂಸ್ಥೆಯೇ ಲೈನ್ಸ್ ಸಹೋದರರ ಪಾಲಾಯಿತು.

ಮೊಮ್ಮಗಳ ಕೈಗೆ ಸಿಕ್ಕಿದ ಎಂಜಿನ್ನು ಆ ಟ್ರೈಯಾಂಗ್ ಮಾಲೆಯ ‘ಜಿಂಟಿ’. ಇದರ ದೊಡ್ಡಣ್ಣನಾದ ನಿಜವಾದ ಜಿಂಟಿ, ನಿಲ್ದಾಣಗಳಲ್ಲಿ ಬಂಡಿಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆದು ಜೋಡಿಸುತ್ತಿದ್ದ ಕೂಲಿಕಾರ ಎಂಜಿನ್ನು. ೧೯೨೪ರಿಂದ ೧೯೩೧ರ ವರೆಗೆ ಇಂಥ ೪೨೨ ಎಂಜಿನ್ನುಗಳು ತಯಾರಾದವು. ರಾಜಕುಮಾರಿಯರ ಹೆಸರು ಹೊತ್ತ ವೇಗದ ಎಂಜಿನ್ನುಗಳಿಗೆ ದೊರೆತ ಗೌರವ ಇದಕ್ಕೆ ದೊರೆಯಲಿಲ್ಲ. ಆದರೆ ಫಿಟ್ಟರನ ಮನೆಗೆ ಇದೇ ತಕ್ಕ ನೆಂಟ.

ಪುಟ್ಟ ಜಿಂಟಿಯ ಹೊಟ್ಟೆಯಲ್ಲಿದ್ದ ಮೋಟಾರಿಗೆ ‘ಎಕ್ಸ್.೦೪’ ಎಂದು ಹೆಸರು. ಅದರ ರಚನೆ ಒಂದು ಮಗುವಿಗೂ ತಿಳಿಯುವಷ್ಟು ಬಿಚ್ಚುಮನಸ್ಸಿನದು. ಮುಚ್ಚುಮರೆ ಏನೂ ಇಲ್ಲ. ಒಂದು ಕಡೆ ಕಾಂತದ ಗಟ್ಟಿ. ಅದರ ಬಲವನ್ನು ಎರಡು ಕಬ್ಬಿಣದ ತೋಳುಗಳು ಮುಂದಕ್ಕೆ ಒಯ್ಯುತ್ತವೆ. ಆ ತೋಳುಗಳ ನಡುವೆ ಮೂರು ಕವಲುಗಳ ಕಬ್ಬಿಣಕ್ಕೆ ತಾಮ್ರದ ಸಣ್ಣ ತಂತಿ ಸುತ್ತಿದ ಆರ್ಮೇಚರು. ಅದರ ಒಂದು ತುದಿಗೆ ಮೂರು ತಾಮ್ರದ ಹೋಳುಗಳ ಕಮ್ಯುಟೇಟರು. ಅದನ್ನು ಎರಡು ಇದ್ದಿಲ ತುಂಡುಗಳು, ಅಂದರೆ ಬ್ರಷ್ಷುಗಳು, ಎರಡು ಕಡೆಗಳಿಂದ ಒತ್ತಿಕೊಂಡಿರುತ್ತವೆ. ಹಳಿಯಿಂದ ಗಾಲಿಗೆ, ಗಾಲಿಯಿಂದ ಬ್ರಷ್ಷಿಗೆ, ಬ್ರಷ್ಷಿನಿಂದ ಕಮ್ಯುಟೇಟರಿನ ಮೂಲಕ ತಂತಿಯ ಸುರುಳಿಗೆ ವಿದ್ಯುತ್ತು ಹರಿಯುತ್ತದೆ. ಸುರುಳಿ ತಾನೇ ಕಾಂತವಾಗಿ, ಸ್ಥಿರಕಾಂತದ ಕಡೆಗೆ ಸೆಳೆಯಲ್ಪಡುತ್ತದೆ. ಹತ್ತಿರ ಬರುವಷ್ಟರಲ್ಲಿ ಕಮ್ಯುಟೇಟರು ವಿದ್ಯುತ್ತಿನ ದಿಕ್ಕನ್ನು ಬದಲಾಯಿಸುತ್ತದೆ. ಕೈಗೆ ಸಿಕ್ಕಿತೆನ್ನುವಾಗ ಗುರಿ ಮುಂದಕ್ಕೆ ಸರಿಯುತ್ತದೆ. ಮನುಷ್ಯನ ಆಸೆಯ ಸ್ವಭಾವವೂ ಇದೇ ತಾನೆ! ಹೀಗೆ ಸುತ್ತುವ ಅಚ್ಚಿನ ಮೇಲೆ ತಿರುಪಿನಂಥ ಒಂದು ಹಲ್ಲು, ಅದಕ್ಕೆ ವರ್ಮ್ ಎಂದು ಹೆಸರು. ಅದು ಗಾಲಿಯ ಅಚ್ಚಿನ ಮೇಲಿನ ಹಲ್ಲುಚಕ್ರವನ್ನು ನಿಧಾನವಾಗಿ ತಿರುಗಿಸುತ್ತದೆ.

ಈ ನಿಧಾನದ ಲೆಕ್ಕ ಸ್ವಾರಸ್ಯವಾದುದು. ನಿಜವಾದ ಜಿಂಟಿಯ ಗಾಲಿಯ ವ್ಯಾಸ ೪ ಅಡಿ ೭ ಅಂಗುಲ. ಆಟಿಕೆಯಲ್ಲಿ ಅದು ಸುಮಾರು ೧೮ ಮಿಲಿಮೀಟರು. ಗಂಟೆಗೆ ೩೦ ಮೈಲಿಯ ವೇಗಕ್ಕೆ ಸಮನಾಗಿ ಈ ಪುಟ್ಟ ಎಂಜಿನ್ನು ಓಡಬೇಕಾದರೆ ಗಾಲಿಗಳು ನಿಮಿಷಕ್ಕೆ ಸುಮಾರು ೧೮೦ ಸಲ ಸುತ್ತಬೇಕು. ಮೋಟಾರು ೩೦ ಸುತ್ತು ಸುತ್ತಿದರೆ ಗಾಲಿ ಒಂದು ಸುತ್ತು ಸುತ್ತುವಂತೆ ಹಲ್ಲುಗಳಿದ್ದರೆ, ಮೋಟಾರು ನಿಮಿಷಕ್ಕೆ ೫,೪೦೦ ಸಲ ತಿರುಗಬೇಕಾಗುತ್ತದೆ. ಹೊರಗೆ ಕಾಣುವ ಗಾಂಭೀರ್ಯದ ಹಿಂದೆ ಒಳಗೆ ಇಷ್ಟು ಗಡಿಬಿಡಿ. ಆದುದರಿಂದಲೇ ಸಿಕ್ಕಿದ ಯಾವ ಮೋಟಾರನ್ನಾದರೂ ತುರುಕಿದರೆ ಸಾಲದು. ಹಾಳಾದ ಸಿ.ಡಿ. ಯಂತ್ರದಿಂದ ಕಿತ್ತ ಮೋಟಾರನ್ನು ಕೆಲವರು ಆಟದ ಎಂಜಿನ್ನುಗಳಿಗೆ ಕೂರಿಸುತ್ತಾರೆ. ಅಂಥವುಗಳಲ್ಲಿ ಬಹಳಷ್ಟು ಸುಮಾರು ೬ ವೋಲ್ಟಿಗೆ ತಯಾರಾದವು. ಆಟದ ರೈಲಿನ ಹಳಿಯಲ್ಲಿ ೧೨ ವೋಲ್ಟು ಹರಿಯುತ್ತದೆ. ಫಲವಾಗಿ, ಬಂಡಿ ಜೋಡಿಸಬೇಕಾದ ಎಂಜಿನ್ನು ಬಾಣದಂತೆ ಹಾರಿ ಮೇಜಿನಿಂದ ಕೆಳಕ್ಕೆ ಧುಮುಕುತ್ತದೆ.

ಅದಿರಲಿ. ಮೋಟಾರು ನಿಜವಾಗಿ ಸತ್ತಿದೆಯೆ ಎಂಬ ವಿಚಾರಣೆಯೇ ಮೊದಲು ನಡೆಯಬೇಕು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವರ ಸಂಖ್ಯೆ ಈ ಹವ್ಯಾಸದಲ್ಲಿ ಕಡಮೆಯಲ್ಲ. ಎಂಜಿನ್ನು ನಿಂತರೆ ತಪ್ಪು ಮೋಟಾರಿನದೆಂದು ತೀರ್ಮಾನಿಸುವುದು, ಅತ್ತೆಯ ಮೇಲಿನ ಕೋಪವನ್ನು ಕೊತ್ತಿಯ ಮೇಲೆ ತೀರಿಸಿಕೊಂಡಂತೆ. ಹಳಿಯ ಮೇಲೆ ಕಿಲುಬು ಕೂತಿದ್ದೀತು. ಗಾಲಿಯ ಅಂಚಿಗೆ ಕಪ್ಪು ಜಿಡ್ಡು ಹತ್ತಿದ್ದೀತು. ಹಲ್ಲುಚಕ್ರಕ್ಕೆ ನೆಲಹಾಸಿನ ನೂಲು ಸುತ್ತಿಕೊಂಡಿದ್ದೀತು. ಆದುದರಿಂದ ತಾತ ಮೊದಲು ಮೋಟಾರನ್ನು ಬಿಚ್ಚಿ ಪಕ್ಕಕ್ಕಿಟ್ಟು, ಬರಿಯ ಗಾಡಿಯನ್ನು ಗಾಜಿನ ಹಲಗೆಯ ಮೇಲೆ ತಳ್ಳಿ ನೋಡಿದರು. ಗಾಲಿಗಳು ತಡೆಯಿಲ್ಲದೆ ಉರುಳಿದವು. ಮೋಟಾರು ಜೊತೆಗಿರುವಾಗ ಈ ಪರೀಕ್ಷೆ ನಡೆಯದು. ಏಕೆಂದರೆ ವರ್ಮು ಚಕ್ರವನ್ನು ತಿರುಗಿಸಬಲ್ಲುದೇ ಹೊರತು, ಚಕ್ರವು ವರ್ಮನ್ನು ತಿರುಗಿಸುವುದು ಸಾಮಾನ್ಯವಾಗಿ ಸಾಧ್ಯವಿಲ್ಲ. ಬಿಚ್ಚಿದ ತಿರುಪುಗಳೆಲ್ಲ ಒಂದು ಬಸಿಯಲ್ಲಿ ಸೇರಿದವು. ಆ ಕಾಲದ ತಿರುಪುಗಳಿಗೆ ಇಂದಿನ ಮಿಲಿಮೀಟರಿನ ತಿರುಪು ಜತೆಯಾಗುವುದಿಲ್ಲವಾದ್ದರಿಂದ, ಕಳೆದುಕೊಂಡ ಒಂದು ತಿರುಪಿಗಾಗಿ ಒಂದು ವಾರ ಅಲೆಯಬೇಕಾದೀತು.

ಅನಂತರ ಮೋಟಾರಿನ ಸರದಿ. ಎಕ್ಸ್.೦೪ ಮೋಟಾರಿನಲ್ಲಿ ಎರಡು ಬ್ರಷ್ಷುಗಳನ್ನೂ ಒತ್ತಿಹಿಡಿಯುವುದು ಎರಡು ತೋಳುಗಳ ಒಂದೇ ಸ್ಪ್ರಿಂಗು. ಅದರ ಒಂದು ತೋಳಿಗೆ ಮಾತ್ರ ಅಕ್ಕಿಕಾಳಿನಷ್ಟು ಚಿಕ್ಕದಾದ ಒಂದು ತೊಗಲಿನ ಕೋಶದಂಥ ತೊಡಿಗೆ ಇರುತ್ತದೆ. ವಿದ್ಯುತ್ತನ್ನು ತಡೆಯುವ ಆ ತೊಡಿಗೆ ಎಲ್ಲಾದರೂ ಬಿದ್ದುಹೋಗಿದ್ದರೆ ಎರಡು ಬ್ರಷ್ಷುಗಳೂ ಒಂದಾಗಿ, ವಿದ್ಯುತ್ತು ಸುರುಳಿಯನ್ನು ಮುಟ್ಟದೆ ಅಡ್ಡದಾರಿ ಹಿಡಿಯುತ್ತದೆ. ಎಷ್ಟೋ ‘ಸತ್ತ’ ಮೋಟಾರುಗಳ ಮರಣಕಾರಣ ಇಷ್ಟೇ. ತಾತ ನೋಡಿದಾಗ ಆ ತೊಡಿಗೆ ಇತ್ತು. ಕಮ್ಯುಟೇಟರಿನ ಮೂರು ಹೋಳುಗಳ ನಡುವಣ ಸಂದುಗಳಲ್ಲಿ ಇದ್ದಿಲ ಪುಡಿ ಎಣ್ಣೆಯೊಡನೆ ಬೆರೆತು ಗಟ್ಟಿಯಾಗಿತ್ತು. ಅದನ್ನು ಮರದ ಹಲ್ಲುಕಡ್ಡಿಯಿಂದ ಕೆದಕಿ ತೆಗೆದರು. ಸೂಜಿ ಬಳಸಿದರೆ ತಾಮ್ರ ಗೀಚಿಹೋಗುತ್ತದೆ.

ಎಣ್ಣೆ ಅಷ್ಟೊಂದು ಹೇಗೆ ಸೇರಿತು? ಬಾಲ್ಯದಲ್ಲಿ ತಂದೆಯ ಪೆನ್ಸಿಲಿನ ಸಾಲನ್ನು ಮರೆತು, ಧಾರಾಳವಾಗಿ ಎಣ್ಣೆ ಸುರಿದವರು ಯಾರೆಂಬುದು ತಾತನಿಗೆ ಚೆನ್ನಾಗಿ ಗೊತ್ತು. ಅವರು ಅದನ್ನು ಮೊಮ್ಮಗಳಿಗೆ ಹೇಳಲಿಲ್ಲ.

ಕಡೆಯ ಪರೀಕ್ಷೆ ಮಲ್ಟಿಮೀಟರಿನದು. ಕಮ್ಯುಟೇಟರಿನ ಒಂದನೆಯ ಹೋಳಿಗೂ ಎರಡನೆಯದಕ್ಕೂ, ಎರಡನೆಯದಕ್ಕೂ ಮೂರನೆಯದಕ್ಕೂ, ಮೂರನೆಯದಕ್ಕೂ ಒಂದನೆಯದಕ್ಕೂ ನಡುವೆ ವಿದ್ಯುತ್ತಿಗೆ ಎಷ್ಟು ತಡೆಯುಂಟೆಂದು ಅಳೆಯಬೇಕು. ಮೂರು ಅಂಕಗಳೂ ಸರಿಸಮವಾಗಿದ್ದರೆ ಸುರುಳಿಗಳು ಆರೋಗ್ಯವಾಗಿವೆ. ಇಲ್ಲಿ ಎರಡು ಅಂಕಗಳು ಒಂದೇ ಆಗಿ, ಮೂರನೆಯದು ತೀರ ಕೆಳಗಿತ್ತು. ತಂತಿಯ ಮೇಲಿನ ಅರಗು ಸುಟ್ಟು, ಸುರುಳಿಯ ಸುತ್ತುಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ವಾಸನೆಯ ಮೂಲ ಅದೇ. ಮಲಗಿದ್ದರೆ ಎಬ್ಬಿಸಬಹುದಾಗಿತ್ತು, ಇದು ಮಲಗಿದ್ದಲ್ಲ.

ಈಗ ಮೂರು ದಾರಿಗಳು ತೆರೆದವು. ಮೊದಲನೆಯದು, ಅದೇ ಜಾತಿಯ ಇನ್ನೊಂದು ಹಳೆಯ ಮೋಟಾರನ್ನು ಎಲ್ಲಿಂದಲಾದರೂ ತಂದು ಕೂರಿಸುವುದು. ಎಕ್ಸ್.೦೪ ದೀರ್ಘಕಾಲ ಅಪಾರ ಸಂಖ್ಯೆಯಲ್ಲಿ ತಯಾರಾದ ಮೋಟಾರು. ಹಳೆಯ ಸಾಮಾನಿನ ಸಂತೆಗಳಲ್ಲಿ ಸಿಗುತ್ತದೆ. ಆದರೆ ಅದರ ಕಾಂತಕ್ಕೂ ವಯಸ್ಸಾಗಿರುತ್ತದೆ. ಅದು ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟುಗಳನ್ನು ಕಬ್ಬಿಣದೊಡನೆ ಬೆರೆಸಿ ಮಾಡಿದ ಅಲ್ನಿಕೊ ಕಾಂತ. ತೋಳುಗಳ ನಡುವಿನಿಂದ ಅದನ್ನು ಸುಮ್ಮನೆ ಹೊರಕ್ಕೆ ತೆಗೆದರೂ ಸಾಕು, ಬಲ ಕುಂದುತ್ತದೆ. ಹಿಂದೆ ಯಾರೋ ಕುತೂಹಲಿ ಅದನ್ನು ಬಿಚ್ಚಿದ್ದರೆ ಮೋಟಾರು ಕಾವೇರುತ್ತದೆ, ಎಳೆಯುವುದಿಲ್ಲ. ಇದಕ್ಕೆ ಮದ್ದು ಇಲ್ಲದಿಲ್ಲ: ೧೯೮೦ರ ದಶಕದಲ್ಲಿ ಬಳಕೆಗೆ ಬಂದ ನಿಯೋಡಿಮಿಯಂ ಕಾಂತದ ಚಿಕ್ಕ ತುಂಡುಗಳನ್ನು ಆ ಜಾಗದಲ್ಲಿ ಇಟ್ಟರೆ ಹಳೆಯ ಮೋಟಾರಿಗೆ ಯೌವನ ಬರುತ್ತದೆ. ಎರಡನೆಯ ದಾರಿ, ಸುಟ್ಟ ಆರ್ಮೇಚರಿಗೆ ಹೊಸ ತಂತಿ ಸುತ್ತುವುದು. ಇದಕ್ಕೆ ಕಣ್ಣು ಚುರುಕಾಗಿರಬೇಕು, ಬೆರಳು ನಡುಗಬಾರದು. ಎಂಬತ್ತರ ವಯಸ್ಸು ಎರಡನ್ನೂ ಕೊಡುವುದಿಲ್ಲ. ಮೂರನೆಯದು, ಇಂದಿನ ಡಬ್ಬಿ ಮೋಟಾರು: ಉಕ್ಕಿನ ಚಿಕ್ಕ ಡಬ್ಬಿಯಲ್ಲಿ ಎಲ್ಲವನ್ನೂ ಮುಚ್ಚಿಟ್ಟಿರುವ, ಕಡಮೆ ವಿದ್ಯುತ್ತನ್ನು ಕುಡಿದು ತಣ್ಣಗೆ ಓಡುವ ಯಂತ್ರ.

ತಾತನ ಮನಸ್ಸು ಮೊದಲನೆಯ ದಾರಿಯ ಕಡೆಗಿತ್ತು. ಮೊಮ್ಮಗಳ ರೈಲುಮಾರ್ಗ ಮೂರನೆಯದನ್ನು ಕೇಳಿತು. ಆಕೆಯ ಹಳಿಗಳ ಮೇಲೆ ಎಂಜಿನ್ನುಗಳು ಓಡುವುದು ಡಿಜಿಟಲ್ ಆಜ್ಞೆಯಿಂದ. ಹಿಂದಿನ ಪದ್ಧತಿಯಲ್ಲಿ ಹಳಿಯ ವೋಲ್ಟು ಏರಿದರೆ ಅದರ ಮೇಲಿರುವ ಎಂಜಿನ್ನುಗಳೆಲ್ಲ ಓಡುತ್ತಿದ್ದವು. ೧೯೯೦ರ ದಶಕದಲ್ಲಿ ಅಮೆರಿಕದ ಹವ್ಯಾಸಿಗಳ ಸಂಘ ಅಂಗೀಕರಿಸಿದ ಹೊಸ ಪದ್ಧತಿಯಲ್ಲಿ ಹಳಿಯಲ್ಲಿ ವಿದ್ಯುತ್ತು ಯಾವಾಗಲೂ ಇರುತ್ತದೆ. ಒಂದೊಂದು ಎಂಜಿನ್ನಿನಲ್ಲಿಯೂ ಒಂದು ಪುಟ್ಟ ಡಿಕೋಡರು ಕುಳಿತು, ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಓದಿ ಮೋಟಾರನ್ನು ನಡೆಸುತ್ತದೆ. ಹಳಿಗೂ ಮೋಟಾರಿಗೂ ನಡುವೆ ಡಿಕೋಡರಿನ ಹೊರತು ಬೇರೆ ಯಾವ ಸಂಬಂಧವೂ ಇರಬಾರದೆಂಬುದು ಈ ಪದ್ಧತಿಯ ಕಟ್ಟುನಿಟ್ಟಾದ ನಿಯಮ. ಎಕ್ಸ್.೦೪ ಮೋಟಾರಿನ ಒಂದು ಬ್ರಷ್ಷಾದರೋ ತನ್ನ ಲೋಹದ ಚೌಕಟ್ಟಿನ ಮೂಲಕ ಗಾಡಿಗೆ, ಗಾಡಿಯ ಮೂಲಕ ಹಳಿಗೆ ಅಂಟಿಕೊಂಡೇ ಇರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ ಹೊಸ ಡಿಕೋಡರು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸುಟ್ಟುಹೋಗುತ್ತದೆ. ಹಳೆಯ ಬಗೆಯ ಮೋಟಾರನ್ನೂ ಬೇರ್ಪಡಿಸಿ ಕೂರಿಸುವ ಉಪಾಯಗಳುಂಟು. ಡಬ್ಬಿ ಮೋಟಾರಿನಲ್ಲಾದರೆ ಎರಡು ತುದಿಗಳೂ ಹುಟ್ಟಿನಿಂದಲೇ ಬೇರೆಬೇರೆ.

ತಾತ ಒಂದು ರಾತ್ರಿ ಯೋಚಿಸಿದರು. ಮೋಟಾರು ಬದಲಾದರೆ ಇದು ತಂದೆ ಕೊಟ್ಟ ಎಂಜಿನ್ನಾಗಿ ಉಳಿಯುತ್ತದೆಯೆ?

ಈ ಪ್ರಶ್ನೆ ಎರಡು ಸಾವಿರ ವರ್ಷಗಳಷ್ಟು ಹಳೆಯದು. ‘ಮಿಲಿಂದಪ್ರಶ್ನೆ’ ಎಂಬ ಬೌದ್ಧಗ್ರಂಥದಲ್ಲಿ ಭಿಕ್ಷು ನಾಗಸೇನನು ರಥವೇರಿ ಬಂದ ಯವನರಾಜ ಮಿಲಿಂದನನ್ನು, ರಥವೆಂದರೆ ಯಾವುದು, ಅಚ್ಚೆ, ಗಾಲಿಯೆ, ಮೂಕಿಯೆ ಎಂದು ಕೇಳಿ ತಬ್ಬಿಬ್ಬುಗೊಳಿಸುತ್ತಾನೆ. ಬಿಡಿಯಾಗಿ ಯಾವುದೂ ರಥವಲ್ಲ. ಕೂಡಿದಾಗ ಜನ ಬಳಸುವ ಹೆಸರು ಅದು. ನಿಜವಾದ ರೈಲ್ವೆಗಳೂ ಈ ಪ್ರಶ್ನೆಗೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟಿವೆ. ಬ್ರಿಟನ್ನಿನಲ್ಲಿ ೧೯೭೬ರಿಂದ ಗಂಟೆಗೆ ೧೨೫ ಮೈಲಿಯ ವೇಗದಲ್ಲಿ ಓಡಿದ ಪ್ರಸಿದ್ಧ ಡೀಸೆಲ್ ರೈಲುಗಳಿಗೆ, ಸುಮಾರು ಮೂವತ್ತು ವರ್ಷಗಳ ಸೇವೆಯ ಮೇಲೆ, ಬಹುಪಾಲು ಗಾಡಿಗಳಲ್ಲಿ ಕಾಲ್‌ಚೆಸ್ಟರಿನ ಪ್ಯಾಕ್ಸ್‌ಮನ್ ಯಂತ್ರವನ್ನು ಇಳಿಸಿ ಜರ್ಮನಿಯ ಎಂ.ಟಿ.ಯು. ಯಂತ್ರವನ್ನು ಏರಿಸಿದರು. ಹಳೆಯ ಯಂತ್ರದ ಕೂಗನ್ನು ಪ್ರೀತಿಸಿದವರು ಮರುಗಿದರು. ಆದರೂ ರೈಲಿನ ಹೆಸರನ್ನು ಯಾರೂ ಬದಲಾಯಿಸಲಿಲ್ಲ.

ಆದರೆ ಪ್ರಯಾಣಿಕರನ್ನು ಸಾಗಿಸುವ ರೈಲಿಗೆ ಇಲ್ಲದ ಒಂದು ಋಣ ತಂದೆಯ ಕಾಣಿಕೆಗೆ ಇರುತ್ತದೆ. ತಾತನ ನಿರ್ಧಾರ ಇಷ್ಟು: ಮೋಟಾರು ಬದಲಾಗಲಿ; ಆದರೆ ಹಳೆಯ ಗಾಡಿಯಲ್ಲಿ ಒಂದು ಹೊಸ ತೂತನ್ನೂ ಕೊರೆಯಕೂಡದು, ಏನನ್ನೂ ಅರೆದು ತೆಗೆಯಕೂಡದು. ನಾಳೆ ಯಾರಾದರೂ ಹಳೆಯ ಮೋಟಾರನ್ನು ಮತ್ತೆ ಕೂರಿಸಬಯಸಿದರೆ, ಒಂದು ತಿರುಪುಳಿಯಿಂದ ಆ ಕೆಲಸ ಆಗುವಂತಿರಬೇಕು. ಬದಲಾವಣೆ ಮಾಡುವವನು ಹಿಂದಿರುಗುವ ದಾರಿಯನ್ನು ಕಡಿದುಹಾಕಬಾರದು. ಮೋಟಾರು ಬದಲಾಯಿಸುವುದರಲ್ಲಿ ಇದಕ್ಕಿಂತ ದೊಡ್ಡ ಧರ್ಮ ಮತ್ತೊಂದಿಲ್ಲ.

ಹಾಗೆಯೇ ಕೆಲಸ ಸಾಗಿತು. ಹಳೆಯ ಮೋಟಾರಿನ ತಿರುಪು ಹಿಡಿಯುವ ಜಾಗಕ್ಕೇ ಸರಿಹೊಂದುವಂತೆ ಪ್ಲಾಸ್ಟಿಕಿನಲ್ಲಿ ಮುದ್ರಿಸಿದ ಒಂದು ಪೀಠ ಬಂತು. ಅದರ ಮೇಲೆ ೧೨ ವೋಲ್ಟಿನ ಡಬ್ಬಿ ಮೋಟಾರು. ವರ್ಮಿನ ತೂತಿಗೂ ಹೊಸ ಮೋಟಾರಿನ ಅಚ್ಚಿಗೂ ಅಳತೆ ಸರಿಯಿರಬೇಕು. ಹಳೆಯವರ ಅಂಗುಲಕ್ಕೂ ಹೊಸಬರ ಮಿಲಿಮೀಟರಿಗೂ ಕೂದಲೆಳೆಯ ಅಂತರ ಬಂದರೂ ವರ್ಮು ಜಾರುತ್ತದೆ, ಇಲ್ಲವೆ ಹೋಗದು. ಅದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಮೋಟಾರಿನ ಬೇರಿಂಗು ಕೆಡುತ್ತದೆ. ಅಚ್ಚಿನ ಹಿಂದಿನ ತುದಿಗೆ ಆಧಾರ ಕೊಟ್ಟು, ವೈಸಿನಲ್ಲಿ ಮೆಲ್ಲಮೆಲ್ಲನೆ ಒತ್ತಬೇಕು. ತಾತ ಅದನ್ನು ಒತ್ತಿದ್ದು ತಂದೆಯ ವೈಸಿನಲ್ಲೇ.

ವರ್ಮಿಗೂ ಹಲ್ಲುಚಕ್ರಕ್ಕೂ ಎಷ್ಟು ಬಿಗಿ ಇರಬೇಕು? ತೀರ ಬಿಗಿಯಾದರೆ ಮೋಟಾರು ಒದ್ದಾಡುತ್ತದೆ. ಸಡಿಲವಾದರೆ ಹಲ್ಲು ತಪ್ಪಿ ಕಿರುಗುಟ್ಟುತ್ತದೆ. ಇದಕ್ಕೆ ಅನುಭವಸ್ಥರು ಕಂಡುಕೊಂಡ ಉಪಾಯ ಸರಳವಾದುದು. ಎರಡರ ನಡುವೆ ತೆಳುವಾದ ಒಂದು ಕಾಗದದ ಚೂರನ್ನಿಟ್ಟು, ಮೋಟಾರನ್ನು ಅದರ ಮೇಲೆ ಒರಗಿಸಿ ತಿರುಪನ್ನು ಬಿಗಿದು, ಆಮೇಲೆ ಕಾಗದವನ್ನು ಎಳೆದುಬಿಡುವುದು. ಉಳಿಯುವ ಸಂದು ಸರಿಯಾದ ಸಂದು. ಗಂಡಹೆಂಡಿರ ನಡುವೆ, ಅತ್ತೆಸೊಸೆಯರ ನಡುವೆ ಕೂಡ ಕಾಗದದಷ್ಟು ಸಂದು ಇದ್ದರೆ ಮನೆ ಸದ್ದಿಲ್ಲದೆ ನಡೆಯುತ್ತದೆಂದು ಬಲ್ಲವರು ಹೇಳಿಯಾರು.

ಬಳಿಕ ತಂತಿಗಳು. ಹಳಿಯಿಂದ ಬರುವವು ಕೆಂಪು ಮತ್ತು ಕಪ್ಪು. ಮೋಟಾರಿಗೆ ಹೋಗುವವು ಕಿತ್ತಳೆ ಮತ್ತು ಬೂದು. ಹಿಂದಿನ ಕಾಲದಲ್ಲಿ ನೆರೆಮನೆಯ ಟೆಲಿವಿಷನ್ನಿನಲ್ಲಿ ಗೆರೆಗಳು ಮೂಡದಿರಲೆಂದು ಇಂಥ ಎಂಜಿನ್ನುಗಳೊಳಗೆ ಒಂದು ಕೆಪಾಸಿಟರನ್ನು ಇಡುತ್ತಿದ್ದರು. ಡಿಕೋಡರಿಗೆ ಅದು ಒಗ್ಗುವುದಿಲ್ಲವಾಗಿ ಅದೂ ಹೊರಕ್ಕೆ ಬಂತು. ಬೆಸುಗೆ ಹಾಕಿದ ಮೇಲೆ ಮತ್ತೊಮ್ಮೆ ಮಲ್ಟಿಮೀಟರು: ಮೋಟಾರಿನ ಎರಡು ತುದಿಗಳಲ್ಲಿ ಒಂದೂ ಗಾಡಿಯ ಲೋಹವನ್ನು ಮುಟ್ಟಿಲ್ಲವೆಂದು ಖಚಿತವಾಗುವವರೆಗೆ ಎಂಜಿನ್ನನ್ನು ಹಳಿಯ ಮೇಲೆ ಇಡಲಾಗದು. ಎಂಜಿನ್ನು ಮುಂದಕ್ಕೆ ಹೋಗೆಂದರೆ ಹಿಂದಕ್ಕೆ ಹೋಯಿತು. ಮೊಮ್ಮಗಳು ನಕ್ಕಳು. ಕಿತ್ತಳೆ ಮತ್ತು ಬೂದು ತಂತಿಗಳು ಸ್ಥಾನ ಬದಲಾಯಿಸಿದವು.

ಆಮೇಲೆ ತಿಳಿದುಬಂತು, ಹಳೆಯ ಮೋಟಾರಿನ ಇನ್ನೊಂದು ಗುಣ. ಅದು ಭಾರವಾಗಿತ್ತು. ಕಬ್ಬಿಣ ಮತ್ತು ಕಾಂತಗಳ ಆ ಭಾರವೇ ಗಾಲಿಗಳನ್ನು ಹಳಿಗೆ ಒತ್ತಿ ಹಿಡಿದು, ಆರೇಳು ಬಂಡಿಗಳನ್ನು ಎಳೆಯುವ ಬಲ ಕೊಡುತ್ತಿತ್ತು. ಹಗುರವಾದ ಹೊಸ ಮೋಟಾರು ಎಷ್ಟೇ ಚುರುಕಾಗಿ ತಿರುಗಿದರೂ ಗಾಲಿಗಳು ನಿಂತಲ್ಲೇ ಜಾರಿದವು. ಚುರುಕುತನವೊಂದರಿಂದಲೇ ಭಾರ ಎಳೆಯಲಾಗದು. ತನಗೂ ಸ್ವಲ್ಪ ತೂಕ ಬೇಕು. ತಾತ ಎಂಜಿನ್ನಿನ ಖಾಲಿ ಮೂಲೆಗಳಲ್ಲಿ ಸೀಸದ ತುಂಡುಗಳನ್ನು ಅಡಗಿಸಿದರು. ಸೀಸ ವಿಷವಾದ್ದರಿಂದ ಮೊಮ್ಮಗಳಿಗೆ ಅದನ್ನು ಮುಟ್ಟಗೊಡದೆ, ತಮ್ಮ ಕೈಯನ್ನೂ ಸೋಪಿನಿಂದ ತೊಳೆದರು. ಕೊನೆಯಲ್ಲಿ ಸೂಜಿಯ ತುದಿಯಿಂದ ಎಣ್ಣೆ. ಒಂದೇ ತೊಟ್ಟು.

ಎಂಜಿನ್ನು ಓಡಿತು. ಬೆಕ್ಕಿನ ಹೆಜ್ಜೆಯಂತೆ ಹೊರಟು, ಮೇಜಿನ ಸುತ್ತ ಒಂದು ಸುತ್ತು ಬಂದು, ನಿಲ್ದಾಣದ ಮುಂದೆ ನೆಟ್ಟಗೆ ನಿಂತಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ತಾತ ಕಿವಿಗೊಟ್ಟು ಕೇಳುತ್ತಿದ್ದರು. ಹಳೆಯ ಮೋಟಾರಿನ ಗುರ್ ಎಂಬ ಸದ್ದು ಇರಲಿಲ್ಲ. ಬಿಸಿಯಾದ ಎಣ್ಣೆಯ ವಾಸನೆ ಇರಲಿಲ್ಲ. ೧೯೫೫ರ ಆ ಬೆಳಗ್ಗೆ ತಂದೆ ಪಕ್ಕದಲ್ಲಿ ಮಂಡಿಯೂರಿ ಕುಳಿತಿದ್ದಾಗ ಕೇಳಿದ್ದು ಆ ಸದ್ದು. ಮೂಗಿಗೆ ಬಂದದ್ದು ಆ ವಾಸನೆ. ಅವೆರಡೂ ಸುಟ್ಟ ಸುರುಳಿಯೊಡನೆ ಹೋದವು. ಹೊಸ ಗುಂಡಿಗೆಗೆ ಅವುಗಳ ನೆನಪಿಲ್ಲ.

“ಏಕೆ ತಾತ, ಸರಿಯಾಗಿ ಓಡುತ್ತಿಲ್ಲವೆ?”

“ಮೊದಲಿಗಿಂತ ಚೆನ್ನಾಗಿ ಓಡುತ್ತಿದೆ ಮಗು,” ಎಂದರು ತಾತ. ಅದು ಸುಳ್ಳಲ್ಲ.

ಹಳೆಯ ಮೋಟಾರನ್ನು ಅವರು ಒಂದು ಬಿಳಿಯ ಬಟ್ಟೆಯಲ್ಲಿ ಸುತ್ತಿ, ಕೆಪಾಸಿಟರನ್ನೂ ಜೊತೆಗಿಟ್ಟು, ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟರು. ಯಾವ ತಿರುಪು ಎಲ್ಲಿಯದು, ಯಾವ ಸುರುಳಿ ಸುಟ್ಟಿದೆ, ಯಾವ ದಿನ ಬದಲಾಯಿಸಿದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದರು. ನಲವತ್ತು ವರ್ಷಗಳ ಮೇಲೆ ಆ ಪೆಟ್ಟಿಗೆಯನ್ನು ತೆರೆಯುವವರು ಯಾರೋ. ಅವರ ಕಾಲದ ಮೋಟಾರು ಎಂಥದೋ. ಡಿಕೋಡರಿನ ಭಾಷೆ ಆಗ ಯಾರಿಗಾದರೂ ತಿಳಿಯುತ್ತದೆಯೋ ಇಲ್ಲವೋ. ಒಂದು ಆರ್ಮೇಚರಿಗೆ ತಂತಿ ಸುತ್ತುವ ತಾಳ್ಮೆಯುಳ್ಳವರು ಆಗ ಹುಟ್ಟಿಬಂದಿದ್ದರೆ, ಅವರಿಗೆ ದಾರಿ ತೆರೆದಿರಲಿ.

ಮುಚ್ಚಳ ಹಾಕುವ ಮೊದಲು ಮೊಮ್ಮಗಳು ಪೆನ್ಸಿಲನ್ನು ಕೇಳಿ ತೆಗೆದುಕೊಂಡಳು. ಮುತ್ತಜ್ಜನ ಸಾಲಿನ ಕೆಳಗೆ, ಅಕ್ಷರಗಳನ್ನು ದುಂಡಗೆ ತಿದ್ದಿ, ತನ್ನದೊಂದು ಸಾಲನ್ನು ಸೇರಿಸಿದಳು: ‘ನಿಜವಾಗಿಯೂ ಒಂದೇ ತೊಟ್ಟು.’

ತಾತ ಅವಳ ಮುಖವನ್ನು ನೋಡಿದರು. ಕಮ್ಯುಟೇಟರಿನ ಎಣ್ಣೆಯ ಗುಟ್ಟು ಅವಳಿಗೆ ಗೊತ್ತಾಗಿಬಿಟ್ಟಿತ್ತು.